ಗಾಜಿಗೆ ಹೋದ ದನಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಯಾವತ್ತೂ ‘ಆಗಲಿ’ ಒತ್ತಲಿಲ್ಲ. ಕಚೇರಿಯವರು ಏನು ಬೇಕಾದರೂ ಹೇಳಿಕೊಳ್ಳಲಿ, ಊರವರು ಏನನ್ನಾದರೂ ನಂಬಲಿ, ನನ್ನ ಬೆರಳು ಆ ಬಟನ್ನಿನ ಹತ್ತಿರಕ್ಕೂ ಹೋಗಿರಲಿಲ್ಲ.

ನಮ್ಮೂರಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಗಾಜು ಇದೆ. ನಲ್ಲಿಯಲ್ಲಿ ನೀರು ಬರಬೇಕಾದರೆ ಗಾಜನ್ನು ಕೇಳಬೇಕು. ಒಲೆ ಉರಿಯಬೇಕಾದರೂ ಗಾಜು, ಡಾಕ್ಟರ ಸರದಿಗೂ ಗಾಜು, ಸತ್ತವರಿಗೆ ಮಸಣದಲ್ಲಿ ಜಾಗ ಹಿಡಿಯುವುದಕ್ಕೂ ಗಾಜು. ಮೊದಲು ಅದರಲ್ಲಿ ‘ಆಗಲಿ’, ‘ಬೇಡ’, ‘ಆಮೇಲೆ’ ಅಂತ ಮೂರು ಬಟನ್ ಇದ್ದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ‘ಬೇಡ’ ಇರಲಿಲ್ಲ. ಹಿಂದಿನ ದಿನದವರೆಗೂ ಅದು ಇದ್ದ ಜಾಗದಲ್ಲಿ ಒಂದು ಹೂವಿನ ಚಿತ್ರ ಬಂದಿತ್ತು.

ಜನ ಗಲಾಟೆ ಮಾಡುತ್ತಾರೆ ಅಂದುಕೊಂಡಿದ್ದೆ. ಯಾರೂ ಮಾಡಲಿಲ್ಲ. ‘ಆಮೇಲೆ’ ಇದೆಯಲ್ಲ, ಅದನ್ನೇ ಒತ್ತಿದರಾಯಿತು ಅಂದರು. ನಿಧಾನವಾಗಿ ‘ಬೇಡ’ ಅನ್ನುವ ಪದ ಬಾಯಿಂದಲೂ ಮಾಯವಾಯಿತು. ಹೋಟೆಲಿನಲ್ಲಿ ಇನ್ನೊಂದು ಇಡ್ಲಿ ಹಾಕಲಾ ಅಂದರೆ ಹೊಟ್ಟೆ ತುಂಬಿದವರೂ ‘ಆಮೇಲೆ’ ಅನ್ನತೊಡಗಿದರು. ನಮ್ಮ ಬೀದಿಯ ಒಬ್ಬಳು ಹುಡುಗಿ, ನೋಡಲು ಬಂದ ಗಂಡಿನವರಿಗೆ ‘ಆಮೇಲೆ’ ಅಂದಳು. ಅವರು ಪಾಪ, ಜಗಲಿಯ ಮೇಲೆ ಕೂತು ಕಾದರು. ಗಾಜು ಕಳಿಸಿದ ಬೇಡದ ಗ್ಯಾಸ್ ಒಲೆಗಳು, ಬೇಡದ ಕುಕ್ಕರುಗಳು ಮನೆಮನೆಗೆ ಬಂದು ಬಿದ್ದವು. ಜನ ಅವುಗಳಲ್ಲಿ ತುಳಸಿ ನೆಟ್ಟರು, ಕೋಳಿ ಕಾವಿಗೆ ಕೂರಿಸಿದರು, ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರು ಯಾರೂ ಇಲ್ಲ. ನಾನೂ ಹೊಂದಿಕೊಂಡೆ. ಸುಳ್ಳು ಯಾಕೆ ಹೇಳಲಿ.

ನನ್ನ ಹೆಸರು ಇಂದ್ರಾಣಿ. ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದಿದೆ ಅಂತ ಕೂಗಿ ಹೇಳುವುದು ನನ್ನ ಕೆಲಸ. ದನಿ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಿದ್ದರು, ನಮ್ಮತ್ತೆ ತೊಳಸಮ್ಮ ಒಬ್ಬರನ್ನು ಬಿಟ್ಟು. “ಮನೆಯೊಳಗೆ ಬಸ್ ಬಂದಿಲ್ಲ ಕಣೆ, ಮೆತ್ತಗೆ ಮಾತಾಡು” ಅನ್ನುತ್ತಿದ್ದರು. ಅವರಿಗೆ ಕಣ್ಣು ಕಾಣಿಸುವುದು ನಿಂತು ಬಹಳ ಕಾಲವಾಗಿತ್ತು. ಮನೆಗೆ ಯಾರು ಬಂದರು, ಯಾರು ಹೋದರು ಅನ್ನುವುದೆಲ್ಲ ಕಿವಿಯ ಮೇಲೆ. ನಮ್ಮಿಬ್ಬರಿಗೂ ದಿನ ಬೆಳಗಾದರೆ ಜಗಳ. ಸಾರಿಗೆ ಹುಣಸೆ ಹೆಚ್ಚಾಯಿತು ಅಂತ ಅವರು, ನಿಮ್ಮ ಮಗನಿಗೆ ಹಾಗೇ ಬೇಕಂತೆ ಅಂತ ನಾನು. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಿಂದ ಕಡಲೆಬೀಜ ತಿನ್ನುತ್ತಿದ್ದೆವು. ನನ್ನ ಗಂಡ ಲೋಕಪ್ಪ ಲಾರಿ ಓಡಿಸುವವನು. ವಾರಗಟ್ಟಲೆ ಊರಲ್ಲಿ ಇರುತ್ತಿರಲಿಲ್ಲ. ಅವನಿಲ್ಲದ ಮನೆಯಲ್ಲಿ ನಾವಿಬ್ಬರೇ ಹೀಗೆ ಬೈದಾಡಿಕೊಂಡು ಚೆನ್ನಾಗಿಯೇ ಇದ್ದೆವು.

ಒಂದು ದಿನ ಗಾಜಿನಲ್ಲಿ ಬಂತು: ‘ನಿಮ್ಮ ದನಿಯನ್ನು ಊರಿನ ಸೇವೆಗೆ ಕೊಡುವಿರಾ?’ ಕೆಳಗೆ ‘ಆಗಲಿ’ ಅನ್ನುವುದು ಅಂಗೈಯಗಲ, ‘ಆಮೇಲೆ’ ಅನ್ನುವುದು ಎಳ್ಳಿನಷ್ಟು. ನಾನು ಹುಡುಕಿ ಹುಡುಕಿ ‘ಆಮೇಲೆ’ ಒತ್ತಿದೆ. ಮಾರನೇ ದಿನವೂ ಬಂತು, ಒತ್ತಿದೆ. ನೀರು ಬಿಡುವ ಹೊತ್ತಿಗೇ ಬಂದು ನಿಲ್ಲುತ್ತಿತ್ತು, ಉತ್ತರ ಕೊಡದೆ ನೀರಿನ ಪುಟ ತೆರೆಯುತ್ತಿರಲಿಲ್ಲ. ಹಿಟ್ಟಿನ ಕೈಯಲ್ಲಿ, ಸೋಪಿನ ಕೈಯಲ್ಲಿ, ನಿದ್ದೆಗಣ್ಣಲ್ಲಿ, ಪ್ರತಿ ಸಲವೂ ‘ಆಮೇಲೆ’ಯನ್ನೇ ಒತ್ತಿದೆ.

ಆಮೇಲೊಂದು ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗಲೇ ನಾನು ಮಾತಾಡುವುದು ನನಗೆ ಕೇಳಿಸಿತು. “ಶುಭೋದಯ. ಇಂದು ನೀರು ಎಂಟು ಗಂಟೆಗೆ ಬರಲಿದೆ.” ಬಾಯಿ ಮುಟ್ಟಿ ನೋಡಿಕೊಂಡೆ. ಮುಚ್ಚಿತ್ತು. ಪಕ್ಕದ ಮನೆಯಿಂದಲೂ ಅದೇ ದನಿ, ಎದುರು ಮನೆಯಿಂದಲೂ ಅದೇ ದನಿ. ಬೀದಿಯ ಉದ್ದಕ್ಕೂ ನಾನೇ ಹೇಳುತ್ತಿದ್ದೆ, ನೀರು ಎಂಟು ಗಂಟೆಗೆ ಅಂತ.

ಮುಖ ತೊಳೆಯದೆ ಗಾಜಿನ ಕಚೇರಿಗೆ ಹೋದೆ. ಅಲ್ಲಿ ಪರಶಿವಯ್ಯ ಅಂತ ಒಬ್ಬರು ಕೂರುತ್ತಾರೆ. ಸಜ್ಜನ, ಯಾರ ಮೇಲೂ ದನಿ ಎತ್ತುವವರಲ್ಲ. ಅದಕ್ಕೇ ಅವರನ್ನು ಅಲ್ಲಿ ಕೂರಿಸಿರಬೇಕು.

“ನಾನು ಒಪ್ಪಿಲ್ಲ ಸಾರ್” ಅಂದೆ.

“ಒಪ್ಪಿಲ್ಲ ಅಂತಲೂ ನೀವು ಹೇಳಿಲ್ಲವಲ್ಲಮ್ಮ.”

“ಹೇಳೋಕೆ ಬಟನ್ ಎಲ್ಲಿದೆ? ಆಮೇಲೆ ಅಂದಿದ್ದೀನಿ, ಪ್ರತಿ ದಿನ ಅಂದಿದ್ದೀನಿ.”

“ಅದೇ ನಾನೂ ಹೇಳ್ತಿರೋದು” ಅಂದರು ಸಮಾಧಾನವಾಗಿ. “ನೀವು ಆಮೇಲೆ ಅಂದಿರಿ. ಈಗ ಆಮೇಲೆ ಆಗಿದೆ.”

ಮನುಷ್ಯರ ಬಾಯಿಂದ ಇಂಥ ಮಾತು ಬರಬಹುದು, ಬಂದ ಮೇಲೆ ಅವರು ಕಾಫಿ ಕುಡಿಯಬಹುದು ಅನ್ನುವುದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

“ವಾಪಸ್ ಕೊಡಿ” ಅಂದೆ.

“ನಿಮ್ಮ ದನಿ ನಿಮ್ಮ ಹತ್ತಿರವೇ ಇದೆಯಲ್ಲಮ್ಮ, ಈಗ ನನ್ನ ಜೊತೆ ಅದರಲ್ಲೇ ತಾನೆ ಜಗಳ ಆಡ್ತಿರೋದು? ನಾವೇನೂ ಕಿತ್ಕೊಂಡಿಲ್ಲ.”

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋದರೆ ನನ್ನ ಕುರ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಬಸ್ಸುಗಳ ಹೆಸರನ್ನು ನಾನಿಲ್ಲದೆಯೇ ನಾನು ಹೇಳುತ್ತಿದ್ದೆ. ಒಂದು ತೊದಲಿಲ್ಲ, ಕೆಮ್ಮಿಲ್ಲ. ಸ್ಟ್ಯಾಂಡ್ ಮಾಸ್ಟರ್ ಕಣ್ಣು ತಪ್ಪಿಸಿ, “ನೀವೇ ಇದ್ದಂಗೆ ಇದೆಯಲ್ಲ ಅಕ್ಕ” ಅಂದ.

ಮೊದಲ ಕೆಲವು ದಿನ ಜನ ಖುಷಿಪಟ್ಟರು. “ಎದ್ದ ಕೂಡಲೇ ನಿನ್ನ ದನಿ ಕಣೆ, ಮನೆಯೋರೇ ಎಬ್ಬಿಸಿದಂಗೆ” ಅಂದಳು ಪಕ್ಕದ ಮನೆ ಪದ್ದಮ್ಮ. ಲೋಕಪ್ಪನೂ ಊರಿಗೆ ಬಂದವನು, “ಲಾರಿ ಆಫೀಸಲ್ಲಿ ಎಲ್ಲರಿಗೂ ನನ್ನ ಹೆಂಡ್ತಿ ದನಿ ಅಂತ ಹೇಳಿದೆ” ಅಂತ ಎದೆಯುಬ್ಬಿಸಿದ. ನಾನು ಅವನ ತಟ್ಟೆಗೆ ಅನ್ನ ಬಡಿಸದೆ ಎದ್ದುಹೋದೆ. ಅವನಿಗೆ ಯಾಕೆಂದು ಗೊತ್ತಾಗಲಿಲ್ಲ.

ಗಾಜು ಬರೀ ಶುಭೋದಯ ಹೇಳುವುದಿಲ್ಲವಲ್ಲ. ಕೊಡಲಾಗದ್ದನ್ನು ಕೊಡುವುದಿಲ್ಲ ಅಂತ ಹೇಳುವುದೂ ಅದೇ, ಹೇಳುವುದು ಮಾತ್ರ ಬೇರೆ ಥರ: ‘ನಿಮ್ಮ ಕೋರಿಕೆಯನ್ನು ಆಮೇಲೆ ನೋಡಲಾಗುವುದು.’ ಹಿಂದಿನ ಬೀದಿಯ ಈರಭದ್ರಣ್ಣನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ಸರದಿ ಕೇಳಿದಾಗಲೆಲ್ಲ ಗಾಜು ನನ್ನ ದನಿಯಲ್ಲಿ ‘ಆಮೇಲೆ’ ಅನ್ನುತ್ತಿತ್ತು, ನಾನು ಬಸ್ಸು ತಡವಾದಾಗ ಹೇಳುತ್ತಿದ್ದೆನಲ್ಲ, ಅದೇ ಇಂಪಿನಲ್ಲಿ. ಆ ಮನುಷ್ಯ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು, “ಅವಳು ನೋವಲ್ಲಿ ಹೊರಳಾಡ್ತಿದ್ದಾಳೆ, ನಿನಗೆ ನಗು ಹೇಗೆ ಬರತ್ತೆ?” ಅಂತ ಕೇಳಿದ. ಅದು ನಾನಲ್ಲ ಅಂತ ಹೇಳಿದೆ. ಬಾಯಿ ತೆಗೆದದ್ದೇ ತಪ್ಪಾಯಿತು. ಆ ದನಿ ಕೇಳುತ್ತಲೇ ಅವನು ಕಿವಿ ಮುಚ್ಚಿಕೊಂಡು ಅಳುತ್ತಾ ಹೋದ.

ಆಮೇಲೆ ಸೊಪ್ಪಿನ ಸಿಂಗಾರಮ್ಮ ನನಗೆ ಸೊಪ್ಪು ಕೊಡುವುದನ್ನು ನಿಲ್ಲಿಸಿದಳು. ನಾನು ಯಾವುದಾದರೂ ಮನೆಯ ಮುಂದೆ ನಿಂತು ಕರೆದರೆ ಒಳಗಿಂದ ತಿರುಗಿಯೂ ನೋಡದೆ “ಆಮೇಲೆ” ಅನ್ನುತ್ತಿದ್ದರು. ಗಾಜಿಗೆ ಕಚೇರಿ ಇದೆ, ಕಚೇರಿಗೆ ದೊಡ್ಡವರಿದ್ದಾರೆ, ಅವರೆಲ್ಲೋ ದೂರದಲ್ಲಿ ಕೂತಿದ್ದಾರೆ. ಜನಕ್ಕೆ ಕೈಗೆ ಸಿಗುವವಳು ನಾನೊಬ್ಬಳೇ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ ಅಂತ ಹೇಳಿದರೆ ದೊಡ್ಡಸ್ತಿಕೆಯಾಗುತ್ತದೆ. ಇತ್ತು, ಬೇಕಾದಷ್ಟು ಇತ್ತು. ನಾನು ಮಾತೇ ಕಡಿಮೆ ಮಾಡಿದೆ. ಮನೆಯಲ್ಲೂ ಕೈಸನ್ನೆ, ಹೂಂ, ಉಹೂಂ. ಕಣ್ಣು ಕಾಣದ ಅತ್ತೆಗೆ ಕೈಸನ್ನೆ ಏನು ಉಪಯೋಗ ಅಂತ ಆಗ ನನ್ನ ತಲೆಗೆ ಹೋಗಲಿಲ್ಲ. ಸೊಸೆ ಮಾತು ಬಿಟ್ಟಿದ್ದಾಳೆ, ಜಗಳ ಕೂಡ ಆಡುತ್ತಿಲ್ಲ ಅಂತ ಅವರು ಒಳಗೊಳಗೇ ಕೊರಗುತ್ತಿದ್ದರಂತೆ. ಅದೆಲ್ಲ ಆಮೇಲೆ ಗೊತ್ತಾಯಿತು.

ಸಂತೆಯ ದಿನ. ಸಾಮಾನು ತರಲು ಹೋಗಿದ್ದವಳು ಚೀಲ ಹೊತ್ತು ಬಂದರೆ ಬಾಗಿಲು ತೆರೆದಿತ್ತು. ಅತ್ತೆಯ ಮಂಚ ಖಾಲಿ. ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದರು. ಹಿತ್ತಲು, ಬಚ್ಚಲು, ಬೀದಿ ಎಲ್ಲ ನೋಡಿದೆ. ಕೊನೆಗೆ ಗಾಜನ್ನು ಕೇಳಿದೆ, “ಅತ್ತೆ ಎಲ್ಲಿ?”

ನನಗೆ ನಾನೇ ಉತ್ತರ ಹೇಳಿದೆ. “ಶ್ರೀಮತಿ ತೊಳಸಮ್ಮನವರು ಸ್ವಇಚ್ಛೆಯಿಂದ ನದಿಯಾಚೆಯ ಆರಾಮಧಾಮಕ್ಕೆ ತೆರಳಿದ್ದಾರೆ. ನಿಮಗೆ ಸಂತೋಷವಾಗಿದೆಯೇ?” ಕೆಳಗೆ ಎರಡು ಬಟನ್. ಆಗಲಿ. ಆಮೇಲೆ.

ಪದ್ದಮ್ಮನ ಮನೆಗೆ ಓಡಿದೆ. ಅವಳು ಬಾಗಿಲನ್ನು ಅರ್ಧ ಮಾತ್ರ ತೆಗೆದಳು.

“ಈಗ ಯಾಕೆ ಈ ನಾಟಕ?” ಅಂದಳು. “ನನ್ನ ಕಿವಿಯಾರೆ ಕೇಳಿದೀನಿ. ಅಲ್ಲಿ ನಿಮಗೆ ಆರಾಮಾಗಿರತ್ತೆ, ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರೆ, ಹೋಗಿ ಬನ್ನಿ ಅಂತ ಅದೆಷ್ಟು ನಯವಾಗಿ ಹೇಳ್ದೆ! ಆ ಮುದುಕಿ, ‘ಆಗಲಿ ಮಗಳೇ, ನಿನಗೆ ಭಾರ ಆಗಲ್ಲ’ ಅಂತು. ವ್ಯಾನ್ ಬಂತು, ಹತ್ತಿಸ್ಕೊಂಡು ಹೋಯ್ತು. ಕೈ ಹಿಡಿದು ಹತ್ತಿಸೋಕಾದರೂ ನೀನು ಹೊರಗೆ ಬರಬಾರದಿತ್ತಾ?”

“ಪದ್ದಕ್ಕ, ನಾನು ಸಂತೇಲಿದ್ದೆ.”

ಅವಳು ನನ್ನ ಕೈಯಲ್ಲಿದ್ದ ಚೀಲ ನೋಡಿದಳು. ಅದರಿಂದ ಇಣುಕುತ್ತಿದ್ದ ನುಗ್ಗೆಕಾಯಿ ನೋಡಿದಳು. ಮುಖದ ಬಣ್ಣ ಇಳಿಯಿತು. ಬಾಗಿಲು ಪೂರ್ತಿ ತೆರೆದು, “ಅಯ್ಯೋ ಇಂದ್ರಾಣಿ” ಅಂದಳು.

ಚೀಲವನ್ನು ಅವಳ ಹೊಸಿಲ ಮೇಲೆಯೇ ಬಿಟ್ಟು ನದಿಯ ಕಡೆ ನಡೆದೆ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಕಾದಿದ್ದರೂ ಆ ಬಸ್ಸು ಎಲ್ಲಿದೆ ಅಂತ ಆ ದನಿಯೇ ಹೇಳಬೇಕಿತ್ತು. ಸೇತುವೆ ದಾಟುವಾಗ ಒಂದೊಂದನ್ನೇ ಲೆಕ್ಕ ಹಾಕಿದೆ. ನನ್ನ ಕೆಲಸ ಹೋಯಿತು, ಸುಮ್ಮನಿದ್ದೆ. ಬೀದಿ ಜನ ಶಾಪ ಹಾಕಿದರು, ಬಾಯಿ ಮುಚ್ಚಿಕೊಂಡೆ. ಈಗ ನನ್ನ ಗಂಟಲನ್ನೇ ಇಟ್ಟುಕೊಂಡು ನನ್ನ ಮನೆಯ ಹಿರಿಯಳನ್ನು ಹೊರಗೆ ಕಳಿಸಿದ್ದಾರೆ. ಇಷ್ಟು ಮಾಡಿ ಸಂತೋಷವಾಯಿತಾ ಅಂತ ಕೇಳುತ್ತಾರೆ!

ಆರಾಮಧಾಮ ಅಂದರೆ ವಯಸ್ಸಾದವರನ್ನು ತಂದಿಡುವ, ಬಿಳಿ ಬಣ್ಣದ ಉದ್ದನೆಯ ಕಟ್ಟಡ. ಗೇಟಿನ ಹತ್ತಿರ ಒಬ್ಬ ಕಾವಲುಗಾರ, ಅವನ ತಲೆಯ ಮೇಲೆ ಒಂದು ಗಾಜು. ನಾನು ಹತ್ತಿರ ಹೋಗುತ್ತಿದ್ದಂತೆ ಗಾಜು ಹೇಳಿತು, “ಭೇಟಿಯ ಸಮಯ ಮುಗಿದಿದೆ. ದಯವಿಟ್ಟು ಆಮೇಲೆ ಬನ್ನಿ.”

ನಾನು ಗಂಟಲು ಬಿಟ್ಟು ಕೂಗಿದೆ, ಬಸ್ ಸ್ಟ್ಯಾಂಡಿನಲ್ಲಿ ಕರೆಂಟು ಹೋದಾಗ ಮೈಕಿಲ್ಲದೆ ಕೂಗುತ್ತಿದ್ದ ಹಾಗೆ. “ಗೇಟು ತೆಗೀರಿ!”

ಕಾವಲುಗಾರನ ಕೈ ತಾನಾಗಿ ಚಿಲಕಕ್ಕೆ ಹೋಯಿತು. ಪಾಪ, ದಿನವಿಡೀ ಆ ದನಿ ತೆಗಿ ಅಂದರೆ ತೆಗೆಯುವುದು, ಹಾಕು ಅಂದರೆ ಹಾಕುವುದು ಅವನ ಕೆಲಸ. ಗೇಟು ತೆರೆದ ಮೇಲೆ ಅವನು ಗಾಜನ್ನೊಮ್ಮೆ, ನನ್ನ ಬಾಯನ್ನೊಮ್ಮೆ ನೋಡಿದ. “ಅಮ್ಮಾ, ನೀವು ಯಾರು?” ಅಂದ. ಆ ಹೊತ್ತಿಗೆ ನಾನು ಒಳಗಿದ್ದೆ.

ಸಾಲು ಮಂಚಗಳು. ಒಂದೊಂದರ ಮೇಲೂ ಒಬ್ಬೊಬ್ಬರು ಮಲಗಿದ್ದರು. ಕೊನೆಯ ಮಂಚದ ತುದಿಯಲ್ಲಿ ನಮ್ಮತ್ತೆ ಕೂತಿದ್ದರು, ಹೊರಟು ನಿಂತ ಬಸ್ಸಿನ ಸೀಟಿನಲ್ಲಿ ಕೂತ ಹಾಗೆ, ಸೆರಗು ಹೊದ್ದು, ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು.

“ಅತ್ತೆ” ಅಂದೆ.

ಅವರ ಮುಖ ಬಿಗಿಯಾಯಿತು. “ಇಲ್ಲೂ ಬಂತಾ ನಿನ್ನ ದನಿ? ಬಂದಿದ್ದೀನಲ್ಲ ತಾಯಿ, ನೀನು ಹೇಳ್ದಂಗೇ ಬಂದಿದ್ದೀನಿ. ಇನ್ನು ಬಿಡು ನನ್ನನ್ನು.”

“ಅತ್ತೆ, ಅದು ನಾನಲ್ಲ, ಇದು ನಾನು.”

“ಅದೂ ಹಾಗೇ ಅನ್ನತ್ತೆ” ಅಂದು ಮುಖವನ್ನು ಗೋಡೆಗೆ ತಿರುಗಿಸಿದರು.

ಅಷ್ಟೇ, ಅಲ್ಲಿಯವರೆಗೆ ಹಿಡಿದಿಟ್ಟುಕೊಂಡದ್ದೆಲ್ಲ ಒಡೆದುಹೋಯಿತು. ಜಾಗ ಯಾವುದು, ಜನ ಯಾರು ಒಂದೂ ನೋಡಲಿಲ್ಲ. “ತಲೆ ಇದೆಯೇನ್ರೀ ನಿಮಗೆ? ಮದುವೆಯಾಗಿ ಬಂದ ದಿನದಿಂದ ಬೈತಿದ್ದೀನಿ, ಒಂದು ದಿನ ಮಂಚ ಬಿಟ್ಟು ಕದಲದವರು, ಯಾವುದೋ ಗೋಡೆ ನಯವಾಗಿ ಹೋಗಿ ಬನ್ನಿ ಅಂದಿದ್ದಕ್ಕೆ ಗಂಟು ಕಟ್ಕೊಂಡು ಬಂದ್ರಾ? ಸಾರಿಗೆ ಹುಣಸೆ ಜಾಸ್ತಿ ಆಯ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರಲ್ಲ, ಹೋಗಲ್ಲ ಕಣೆ ಅಂತ ಒಂದು ಸಲ ಕೂಗೋಕೆ ಏನಾಗಿತ್ತು ನಿಮ್ಮ ಬಾಯಿಗೆ?”

ವಾರ್ಡು ಪೂರ್ತಿ ಎದ್ದು ಕೂತಿತು. ಅತ್ತೆ ಮೆಲ್ಲಗೆ ಗೋಡೆಯ ಕಡೆಯಿಂದ ತಿರುಗಿದರು. ಕೈ ಚಾಚಿ ನನ್ನ ಮುಖ ಹುಡುಕಿದರು, ತುಟಿ ಮುಟ್ಟಿದರು. ನಾನು ಇನ್ನೂ ಏನೋ ಬೈಯುತ್ತಲೇ ಇದ್ದೆ, ಅವರ ಬೆರಳುಗಳಡಿ ತುಟಿ ಅಲ್ಲಾಡುತ್ತಿತ್ತು.

“ಇವಳು ನಮ್ಮವಳು” ಅಂದರು ಅತ್ತೆ, ಪಕ್ಕದ ಮಂಚದವರಿಗೆ. “ಅದು ಬಲು ಮರ್ಯಾದೆಯಾಗಿ ಮಾತಾಡ್ತು ನೋಡಿ, ಆಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮ ಇಂದ್ರಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬರಬೇಕು?” ಅನ್ನುತ್ತಲೇ ಅತ್ತರು. ನಾನೂ ಮಂಚದ ಪಕ್ಕ ಕೂತು ಅತ್ತುಬಿಟ್ಟೆ.

ಹೊರಗೆ ಬರುವಾಗ ಗಾಜು ತಡೆಯಿತು. “ನಿರ್ಗಮನದ ಕೋರಿಕೆಯನ್ನು ಆಮೇಲೆ ನೋಡಲಾಗುವುದು.” ಕಾವಲುಗಾರ ಗೇಟಿಗೆ ಅಡ್ಡ ನಿಂತಿದ್ದ. ಅತ್ತೆ ಅವನ ಉಸಿರಿನ ಸದ್ದು ಹಿಡಿದು ಅತ್ತ ತಿರುಗಿ, “ಮಗನೇ, ನಿನ್ನ ತಾಯಿ ಇದ್ದಾರಾ?” ಅಂತ ಕೇಳಿದರು. ಇದ್ದಾರೆ ಅಂದ. “ಅವರಿಗೆ ಕಿವಿ ಕೇಳಿಸತ್ತಾ? ನಾಳೆ ನಿನ್ನ ದನೀಲಿ ಇದು ಹೋಗಿ ಬನ್ನಿ ಅಂದರೆ ಅವರೂ ಇಲ್ಲಿಗೆ ಬಂದುಬಿಡ್ತಾರೆ” ಅಂದರು. ಅವನು ತಲೆಯ ಮೇಲಿನ ಗಾಜನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದ.

ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದು ಬಾಗಿಲು ಹಾಕಿಕೊಳ್ಳುವುದು ನನ್ನ ಯೋಚನೆಯಾಗಿತ್ತು. ಸೇತುವೆ ಇಳಿಯುತ್ತಿದ್ದ ಹಾಗೆ ಅತ್ತೆ ನಿಂತುಬಿಟ್ಟರು. “ಕಚೇರಿಗೆ ನಡಿ” ಅಂದರು. “ನೀನು ಬಾಯಿ ಮುಚ್ಕೊಂಡಿದ್ದಕ್ಕೇ ಅದು ಇಷ್ಟು ಮಾತಾಡಿದ್ದು.”

ಸಂತೆ ಇನ್ನೂ ಮುಗಿದಿರಲಿಲ್ಲ. ಕಚೇರಿಯ ಮುಂದೆಯೇ ಸೊಪ್ಪು, ಬಳೆ, ಮಂಡಕ್ಕಿಯ ಸಾಲು. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೂಗಿದೆ. “ಪ್ರಯಾಣಿಕರ ಗಮನಕ್ಕೆ!” ಅಭ್ಯಾಸಬಲ, ಬೇರೇನೂ ಬಾಯಿಗೆ ಬರಲಿಲ್ಲ. ಜನ ತಲೆ ಎತ್ತಿದರು. “ನಿಮ್ಮ ಮನೆಯಲ್ಲಿ ಕೇಳೋ ದನಿ ನನ್ನದು. ಆ ಮಾತು ಒಂದೂ ನನ್ನದಲ್ಲ. ನಾನು ಕೊಡಲಿಲ್ಲ, ಇವರೇ ತಗೊಂಡರು. ಈರಭದ್ರಣ್ಣ, ನಿನ್ನ ಹೆಂಡ್ತಿಗೆ ಆಪರೇಷನ್ ಆಮೇಲೆ ಅಂದಿದ್ದು ನಾನಲ್ಲ, ಈ ಕಟ್ಟಡ. ನನ್ನ ಮನೆಗೆ ಬಂದು ಬೈದೆಯಲ್ಲ, ಇಲ್ಲಿ ಬಂದು ಬೈ, ನಾನೂ ನಿನ್ನ ಜೊತೆ ಬೈತೀನಿ.”

ಪರಶಿವಯ್ಯ ಒಳಗಿಂದ ಓಡಿ ಬಂದರು. “ಅಮ್ಮಾ, ಒಳಗೆ ಬನ್ನಿ, ಆಮೇಲೆ ಕೂತು ಮಾತಾಡೋಣ.”

“ಬೇಡ” ಅಂದರು ಅತ್ತೆ.

ಯಾರೋ ಬೆಚ್ಚಿದರು. ಇನ್ಯಾರೋ ನಕ್ಕರು. ಬಹಳ ದಿನದ ಮೇಲೆ ಬೀದಿಯಲ್ಲಿ ಆ ಪದ ಕೇಳಿದ್ದು. ಸಿಂಗಾರಮ್ಮ ಸೊಪ್ಪು ಹರಡಿದ್ದ ಗೋಣಿ ಬಿಟ್ಟು ಎದ್ದು ಬಂದು ನಮ್ಮ ಪಕ್ಕ ನಿಂತಳು. ಈರಭದ್ರಣ್ಣ ಬಂದ. ಪದ್ದಮ್ಮ ನನ್ನ ಸಂತೆ ಚೀಲವನ್ನು ಹಿಡಿದುಕೊಂಡೇ ಬಂದಳು. ಪರಶಿವಯ್ಯ ವಾಪಸ್ ಒಳಗೆ ಹೋದರು. ಅವತ್ತು ಸಂಜೆಯವರೆಗೂ ಕಚೇರಿಯವರು ಆಚೆ ಬರಲಿಲ್ಲ, ನಾವು ಮೆಟ್ಟಿಲಿಂದ ಇಳಿಯಲಿಲ್ಲ. ಕೊನೆಗೆ ಈರಭದ್ರಣ್ಣನ ಹೆಂಡತಿಯ ಸರದಿಯನ್ನು ಪರಶಿವಯ್ಯನವರೇ ಫೋನು ಮಾಡಿ ಹಾಕಿಸಿದರು. ದನಿಯ ವಿಷಯ ಮೇಲಿನವರಿಗೆ ತಿಳಿಸುತ್ತೇನೆ ಅಂದರು.

ಸ್ವಲ್ಪ ದಿನ ಕಳೆದು, ಒಂದು ಬೆಳಿಗ್ಗೆ ಗಾಜು ಗಂಡುದನಿಯಲ್ಲಿ ಮಾತಾಡಿತು. “ಶುಭೋದಯ. ಇಂದು ನೀರು ಎಂಟು ಗಂಟೆಗೆ ಬರಲಿದೆ.” ಹಿಟ್ಟಿನ ಗಿರಣಿಯ ಮುದ್ದಯ್ಯನ ದನಿ ಅಂತ ಕೂಡಲೇ ಗೊತ್ತಾಯಿತು. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವ ಹೆಂಗಸರಿಗೆ ಎದುರು ಕೂತು ಹಾಡುತ್ತಿದ್ದ ಗಂಡಸು ಅವನೊಬ್ಬನೇ. ಬೀದಿಯವರು ಸಂತೋಷದಿಂದ ಬಂದರು. “ಗೆದ್ದೆ ಬಿಡು ಇಂದ್ರಾಣಿ! ನಿನ್ನ ದನಿ ಬಿಟ್ಟರಲ್ಲ, ಇನ್ನು ನೆಮ್ಮದಿಯಾಗಿರು” ಅಂದರು. ಲೋಕಪ್ಪ ಸಿಹಿ ತಂದ. ಯಾರಿಗೂ ಮುದ್ದಯ್ಯ ಎಷ್ಟು ದಿನ ‘ಆಮೇಲೆ’ ಒತ್ತಿರಬಹುದು ಅನ್ನುವ ಯೋಚನೆ ಬರಲಿಲ್ಲ. ಬಟನ್ನುಗಳು ಈಗಲೂ ಎರಡೇ.

ಸಿಹಿಯ ಪೊಟ್ಟಣ ಬಿಚ್ಚದೆ ಚಪ್ಪಲಿ ಮೆಟ್ಟಿಕೊಂಡೆ. ಅತ್ತೆ ಕೇಳದೆಯೇ ನನ್ನ ತೋಳು ಹಿಡಿದರು.

ಗಿರಣಿ ಬಾಗಿಲು ಹಾಕಿತ್ತು. ಹಿಂದಿನ ಮನೆಯ ಕದ ಬಡಿದೆವು. ತುಂಬಾ ಹೊತ್ತಿನ ಮೇಲೆ ಮುದ್ದಯ್ಯ ಒಂದು ಬೆರಳಿನಷ್ಟು ಸಂದು ಮಾಡಿದ. ಮುಖದಲ್ಲಿ ಹೆದರಿಕೆ. ಬೈಯುವುದಕ್ಕೆ ಬಂದವರು ಅಂದುಕೊಂಡಿದ್ದ. ತುಟಿ ಬಿಗಿಯಾಗಿ ಮುಚ್ಚಿಕೊಂಡು ಬರೀ ಕೈ ಮುಗಿದ.

“ಮಾತಾಡು ಮುದ್ದಣ್ಣ” ಅಂದೆ. “ಬೈಯೋಕೆ ಬಂದವರಲ್ಲ ನಾವು. ಅಂಗಿ ಹಾಕ್ಕೊಂಡು ಬಾ, ಕಚೇರಿಗೆ ಹೋಗೋಣ.”